ಒಂದು ತುತ್ತು ಮುದ್ದೆಯ ಹಿಂದೆ ಹೋದರೆ

(ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ರೈತರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮತ್ತು ಹೈಸ್ಕೂಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಇವತ್ತು ಮಧ್ಯಾಹ್ನ ಮುದ್ದೆ ಉಂಡು ಬಂದವರು ಕೈ ಎತ್ತಿ ನೋಡೋಣ. ಹೆಚ್ಚುಕಡಿಮೆ ಎಲ್ಲರೂ. ಒಳ್ಳೆಯದಾಯಿತು. ಹಾಗಾದರೆ ನಾನು ಚಾರ್ಟು ತರದೇ ಇದ್ದದ್ದೇ ಸರಿ. ನಾನು ಹೇಳಬೇಕೆಂದಿರುವುದು ಈಗ ನಿಮ್ಮೆಲ್ಲರ ಹೊಟ್ಟೆಯಲ್ಲೇ ನಡೆಯುತ್ತಿದೆ.

ನಾನು 31 ವರ್ಷ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದೆ. ಜೀರ್ಣಾಂಗ ಒಂದು ಪಾಠ. ಉಸಿರಾಟ ಒಂದು ಪಾಠ. ರಕ್ತ ಪರಿಚಲನೆ, ವಿಸರ್ಜನೆ, ನರಮಂಡಲ, ಒಂದೊಂದಕ್ಕೂ ಒಂದೊಂದು ಪಾಠ. ಒಂದು ಮುಗಿದ ಮೇಲೆ ಇನ್ನೊಂದು. ಪರೀಕ್ಷೆಗೆ ಅದು ಅನುಕೂಲ. ಆದರೆ ದೇಹದಲ್ಲಿ ಹಾಗೆ ಪಾಠ ಪಾಠಗಳ ನಡುವೆ ಗೋಡೆ ಇಲ್ಲ. ಕಿಡ್ನಿ ಕೆಟ್ಟರೆ ಮೈಯಲ್ಲಿ ರಕ್ತ ಕಡಿಮೆಯಾಗುತ್ತದೆ. ಶುಗರ್ ಜಾಸ್ತಿಯಾದರೆ ಕಾಲಿನ ಗಾಯ ಮಾಯುವುದಿಲ್ಲ. ನೋವು ಒಂದು ಕಡೆ, ಕಾರಣ ಇನ್ನೊಂದು ಕಡೆ. ಇದು ನನಗೆ ಮನಸ್ಸಿಗೆ ತಟ್ಟಿದ್ದು ಪುಸ್ತಕದಿಂದ ಅಲ್ಲ, ನಮ್ಮ ಅಪ್ಪನ ಕಾಯಿಲೆಯಿಂದ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಒಂದು ತುತ್ತು ಮುದ್ದೆ ಮುರಿಯೋಣ. ಅದು ಹೋದ ಕಡೆಗೆಲ್ಲ ನಾವೂ ಹೋಗೋಣ.

ಮುದ್ದೆಯನ್ನು ನಾವು ಅಗಿಯುವುದಿಲ್ಲ, ಅಲ್ವಾ? ಹೊರಗಿನವರು ಬಂದರೆ ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಳ್ಳುತ್ತಾರೆ. ನಾವು ಮುರಿದು, ಬೆರಳಲ್ಲಿ ಉರುಟು ಮಾಡಿ, ಬಸ್ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹಾಗೆ ನುಂಗಿದರೆ ಜೀರ್ಣವಾಗಲ್ಲ ಎಂದು ಕೆಲವರು ಹೆದರಿಸುತ್ತಾರೆ. ಎಂಜಲಿನಲ್ಲಿ ಹಿಟ್ಟಿನ ಅಂಶವನ್ನು ಸಕ್ಕರೆಯಾಗಿ ಒಡೆಯುವ ಒಂದು ಕಿಣ್ವ ಇರುವುದು ನಿಜ. ಒಂದು ತುತ್ತು ಬರೀ ಅನ್ನವನ್ನು ಒಂದು ನಿಮಿಷ ಅಗಿದು ನೋಡಿ, ಸಿಹಿ ಬರುತ್ತದೆ. ಮುದ್ದೆಗೆ ಬಾಯಲ್ಲಿ ಆ ಭಾಗ್ಯ ಅಷ್ಟಾಗಿ ಸಿಗುವುದಿಲ್ಲ. ಪರವಾಗಿಲ್ಲ. ಅದೇ ಕೆಲಸ ಮಾಡುವ ಕಿಣ್ವ ಕೆಳಗೆ ಸಣ್ಣ ಕರುಳಿನಲ್ಲಿ ಧಾರಾಳವಾಗಿ ಸುರಿಯುತ್ತದೆ. ಮುದ್ದೆ ಮೊದಲೇ ಚೆನ್ನಾಗಿ ಬೆಂದಿರುತ್ತದೆ, ಮೆತ್ತಗಿರುತ್ತದೆ. ನಮ್ಮ ಹಿರಿಯರು ನುಂಗಿಕೊಂಡೇ ಹೊಲ ಉತ್ತರು.

ಈಗ ಎಲ್ಲರೂ ಒಂದು ಕೆಲಸ ಮಾಡಿ. ಗಂಟಲಿನ ಮುಂದೆ ಉಬ್ಬು ಇದೆಯಲ್ಲ, ಅದರ ಮೇಲೆ ಬೆರಳಿಡಿ. ಎಂಜಲು ನುಂಗಿ. ಉಬ್ಬು ಮೇಲಕ್ಕೆ ಹಾರಿ ಕೆಳಗಿಳಿಯಿತು, ಗೊತ್ತಾಯ್ತಾ? ಗಂಟಲಲ್ಲಿ ಎರಡು ಕೊಳವೆ ಇವೆ. ಮುಂದಿನದು ಗಾಳಿಗೆ, ಹಿಂದಿನದು ಅನ್ನಕ್ಕೆ. ಅನ್ನ ಹಿಂದಕ್ಕೆ ಹೋಗಬೇಕಾದರೆ ಗಾಳಿಯ ಬಾಯಿಯನ್ನು ದಾಟಿಯೇ ಹೋಗಬೇಕು. ಅದಕ್ಕೇ ನುಂಗುವಾಗ ಧ್ವನಿಪೆಟ್ಟಿಗೆ ಮೇಲೇರಿ ನಾಲಿಗೆಯ ಬುಡದ ಕೆಳಗೆ ಸೇರಿಕೊಳ್ಳುತ್ತದೆ. ಒಂದು ಮುಚ್ಚಳ ಬಾಗುತ್ತದೆ. ಒಳಗೆ ಧ್ವನಿತಂತುಗಳೂ ಮುಚ್ಚಿಕೊಳ್ಳುತ್ತವೆ. ಆ ಕ್ಷಣ ಉಸಿರೂ ನಿಲ್ಲುತ್ತದೆ. ಇದನ್ನೆಲ್ಲ ನಡೆಸುವುದು ಮೆದುಳಿನ ಬುಡದ ಒಂದು ಸಣ್ಣ ಜಾಗ. ನೀವು ಯೋಚನೆ ಮಾಡುವ ಅಗತ್ಯವೇ ಇಲ್ಲ. ನೋಡಿ, ತುತ್ತು ಇನ್ನೂ ಗಂಟಲು ದಾಟಿಲ್ಲ, ಆಗಲೇ ನರಮಂಡಲ, ಉಸಿರಾಟ, ಜೀರ್ಣಾಂಗ ಮೂರೂ ಒಟ್ಟಿಗೆ ಕೆಲಸಕ್ಕೆ ಇಳಿದಿವೆ.

ಉಣ್ಣುವಾಗ ನಕ್ಕರೆ, ಮಾತಾಡಿದರೆ ಈ ಹೊಂದಾಣಿಕೆ ತಪ್ಪುತ್ತದೆ. ನೆತ್ತಿಗೆ ಹತ್ತಿತು ಅನ್ನುತ್ತೇವೆ. ಯಾರೋ ನೆನೆಸಿಕೊಂಡರು ಎಂದು ತಲೆ ತಟ್ಟುತ್ತೇವೆ. ಅದು ಹತ್ತಿದ್ದು ನೆತ್ತಿಗಲ್ಲ, ಗಾಳಿ ಕೊಳವೆಗೆ. ಇದೊಂದು ಮಾತು ಮನಸ್ಸಲ್ಲಿಟ್ಟುಕೊಳ್ಳಿ: ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಬಲವಂತವಾಗಿ ನೀರು ಕುಡಿಸಬೇಡಿ. ಕೆಮ್ಮಲೂ ಆಗದೆ, ಮಾತೂ ಹೊರಡದೆ ಕಣ್ಣು ಬಿಡುತ್ತಿದ್ದರೆ ತಡ ಮಾಡಬೇಡಿ. ಮುಂದಕ್ಕೆ ಬಾಗಿಸಿ, ಬೆನ್ನಿನ ಎರಡು ರೆಕ್ಕೆ ಮೂಳೆಗಳ ನಡುವೆ ಅಂಗೈ ಬುಡದಿಂದ ಜೋರಾಗಿ ಹೊಡೆಯಿರಿ. ನೆತ್ತಿ ತಟ್ಟಿದರೆ ಏನೂ ಪ್ರಯೋಜನವಿಲ್ಲ.

ಅನ್ನನಾಳ 25 ಸೆಂಟಿಮೀಟರ್ ಉದ್ದದ ಕೊಳವೆ. ತುತ್ತು ಅದರಲ್ಲಿ ಸುಮ್ನೆ ಜಾರಿ ಬೀಳುವುದಿಲ್ಲ. ನಾಳವೇ ಅದನ್ನು ಹಿಂದಿನಿಂದ ಹಿಂಡುತ್ತಾ ಮುಂದಕ್ಕೆ ತಳ್ಳುತ್ತದೆ. ತಲೆಕೆಳಗಾಗಿ ನಿಂತವನೂ ನುಂಗಬಲ್ಲ.

ಆಮೇಲೆ ಜಠರ. ಜಠರದ ಒಳಗೆ ಏನಾಗುತ್ತದೆ ಎಂಬುದು ಬಹಳ ಕಾಲ ಹೆಚ್ಚಾಗಿ ಊಹೆಯಾಗಿತ್ತು. ಕಣ್ಣಾರೆ ನೋಡಲು ಸಿಕ್ಕಿದ್ದು ಒಂದು ಅಪಘಾತದಿಂದ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯವನ ಹೊಟ್ಟೆಗೆ ಬಂದೂಕಿನ ಗುಂಡು ತಗುಲಿತು. ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್ ಅವನನ್ನು ಉಳಿಸಿದ. ಗಾಯ ಮಾಯಿತು, ಆದರೆ ಹೊರಗಿನಿಂದ ಜಠರಕ್ಕೆ ಒಂದು ತೂತು ಹಾಗೇ ಉಳಿಯಿತು. ಬ್ಯೂಮಾಂಟ್ ಏನು ಮಾಡಿದ ಗೊತ್ತಾ? ಮಾಂಸದ ಚೂರು, ರೊಟ್ಟಿಯ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಒಳಗೆ ಬಿಟ್ಟ. ಸ್ವಲ್ಪ ಹೊತ್ತಿಗೊಮ್ಮೆ ಎಳೆದು ನೋಡಿದ. ಶಿಡ್ಲಘಟ್ಟದ ಪಕ್ಕದಲ್ಲಿರುವ ನಮಗೆ ರೇಷ್ಮೆ ದಾರ ಹೊಸದಲ್ಲ, ಆದರೆ ಇಂಥ ಉಪಯೋಗ ಯಾರೂ ಕೇಳಿರಲಿಕ್ಕಿಲ್ಲ. ಜಠರದ ರಸವನ್ನು ಹೊರಗೆ ಸೀಸೆಯಲ್ಲಿ ತೆಗೆದು ಮಾಂಸ ಹಾಕಿದ. ಬೆಚ್ಚಗಿಟ್ಟರೆ ಅಲ್ಲೂ ಕರಗಿತು. ಜೀರ್ಣವಾಗುವುದು ರಸದ ಕೆಲಸ ಎಂಬುದು ಹಾಗೆ ಗಟ್ಟಿಯಾಯಿತು. 1833ರಲ್ಲಿ ಪುಸ್ತಕ ಬಂತು. ಸೇಂಟ್ ಮಾರ್ಟಿನ್ ಸಿಟ್ಟಿನಲ್ಲಿದ್ದಾಗ ಜಠರದ ಕೆಲಸ ಕೆಡುತ್ತದೆ ಎಂಬುದನ್ನೂ ಬ್ಯೂಮಾಂಟ್ ಗಮನಿಸಿದ್ದ. ಉಣ್ಣೋ ಹೊತ್ತಿಗೆ ಜಗಳ ಬೇಡ ಎಂದು ನಮ್ಮ ಅಜ್ಜಿ ಹೇಳುತ್ತಿದ್ದದ್ದು ನೆನಪಾಗುತ್ತದೆ. ಆ ಬಡ ಕೂಲಿಯವನ ಒಪ್ಪಿಗೆ ಎಷ್ಟಿತ್ತು, ಅವನು ಎಷ್ಟು ನೊಂದ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಪಾಠ ಮಾಡುವಾಗಲೆಲ್ಲ ಅವನ ಹೆಸರನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ಜಠರದಿಂದ ಹೊರಟ ತುತ್ತು ಗಂಜಿಯಂತಾಗಿದೆ, ಹುಳಿ ಹುಳಿಯಾಗಿದೆ. ಸಣ್ಣ ಕರುಳಿಗೆ ಅಷ್ಟು ಆಮ್ಲ ಆಗಿಬರುವುದಿಲ್ಲ. ಪಕ್ಕದಲ್ಲಿರುವ ಮೇದೋಜ್ಜೀರಕ ಗ್ರಂಥಿ ಆ ಹುಳಿಯನ್ನು ಮುರಿಯುವ ರಸ ಸುರಿಸಬೇಕು. ಆಮ್ಲ ಬಂತು ಅಂತ ಅದಕ್ಕೆ ಹೇಳುವವರು ಯಾರು? ನರಗಳೇ ಹೇಳುತ್ತವೆ ಎಂದು ಎಲ್ಲರೂ ನಂಬಿದ್ದರು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬಿಬ್ಬರು ನಾಯಿಯ ಕರುಳಿನ ಒಂದು ತುಂಡಿಗೆ ಬರುವ ನರಗಳನ್ನೆಲ್ಲ ಬಿಡಿಸಿ, ಆಮೇಲೆ ಅಲ್ಲಿಗೆ ಆಮ್ಲ ಹಾಕಿದರು. ನರ ಇಲ್ಲದಿದ್ದರೂ ರಸ ಬಂತು. ಕರುಳಿನ ಒಳಮೈ ಕೆರೆದು, ಅದರ ಸಾರವನ್ನು ರಕ್ತಕ್ಕೆ ಕೊಟ್ಟರು. ಆಗಲೂ ರಸ ಬಂತು. ಅಂದರೆ ಕರುಳು ತಾನೇ ಒಂದು ಪದಾರ್ಥ ತಯಾರಿಸಿ ರಕ್ತದಲ್ಲಿ ಬಿಡುತ್ತದೆ, ಆ ರಕ್ತ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಹಾರ್ಮೋನ್ ಎಂಬ ಮಾತು ಈ ಅರ್ಥದಲ್ಲಿ 1905ರಲ್ಲಿ ಬಳಕೆಗೆ ಬಂತು. ಶುಗರ್ ಇರುವವರು ಹಾಕಿಕೊಳ್ಳುವ ಇನ್ಸುಲಿನ್ ಕೂಡ ಇಂಥದ್ದೇ ಒಂದು ಸುದ್ದಿಗಾರ. ಅದೇ ಗ್ರಂಥಿಯಿಂದ ಬರುತ್ತದೆ.

ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ. ಬೋಟಿ ತೊಳೆದು ಗೊತ್ತಿರುವವರಿಗೆ ಟವೆಲ್ಲಿನಂಥ ಭಾಗ ಗೊತ್ತೇ ಇರುತ್ತದೆ. ಅದು ಕುರಿಯ ಹೊಟ್ಟೆ. ನಮ್ಮ ಸಣ್ಣ ಕರುಳಿನ ಒಳಮೈಯೂ ಹಾಗೇ, ಆದರೆ ಎಳೆಗಳು ಇನ್ನೂ ಸಣ್ಣ, ಒಂದು ಮಿಲಿಮೀಟರಿನಷ್ಟು. ಮುಟ್ಟಿದರೆ ವೆಲ್ವೆಟ್ ಬಟ್ಟೆ ಮುಟ್ಟಿದ ಹಾಗೆ. ಒಂದೊಂದು ಎಳೆಯೊಳಗೂ ರಕ್ತನಾಳ ಇದೆ. ಮುದ್ದೆ ಇಲ್ಲಿ ಸಕ್ಕರೆಯಾಗಿ ರಕ್ತ ಸೇರುತ್ತದೆ. ಅದರ ಜೊತೆಗೇ ನೀರೂ ಹೋಗುತ್ತದೆ. ನೀವು ಕುಡಿದ ನೀರು, ದೇಹವೇ ಸುರಿಸಿದ ರಸಗಳು ಎಲ್ಲ ಸೇರಿ ದಿನಕ್ಕೆ ಸುಮಾರು 9 ಲೀಟರ್ ಕರುಳಿಗೆ ಬರುತ್ತದೆ. ಮಲದಲ್ಲಿ ಹೊರಗೆ ಹೋಗುವುದು ಒಂದು ಸಣ್ಣ ಲೋಟದಷ್ಟು ಮಾತ್ರ. ಉಳಿದದ್ದೆಲ್ಲ ವಾಪಸ್. ಭೇದಿ ಆದಾಗ ಈ ವಾಪಸಾತಿ ಕೆಡುತ್ತದೆ. ಆದರೆ ಉಪ್ಪು ಮತ್ತು ಸಕ್ಕರೆ ಒಟ್ಟಿಗೆ ಸಿಕ್ಕಿದರೆ ಕರುಳು ಎರಡನ್ನೂ ಜೋಡಿಯಾಗಿ ಎಳೆದುಕೊಳ್ಳುತ್ತದೆ, ನೀರು ಅವುಗಳ ಬೆನ್ನು ಹಿಡಿದು ಬರುತ್ತದೆ. ಓಆರ್‌ಎಸ್ ಪ್ಯಾಕೆಟ್ಟಿನ ಗುಟ್ಟು ಇಷ್ಟೇ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಬಾರದು, ಮಟ್ಟಸವಾಗಿರಬೇಕು. ಬರೀ ನೀರು, ಬರೀ ಸಕ್ಕರೆ ನೀರು ಸಾಲದು.

ಕರುಳಿನಿಂದ ಹೊರಟ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಪಿತ್ತಜನಕಾಂಗ, ಅಂದರೆ ಲಿವರ್. ಚೆಕ್‌ಪೋಸ್ಟ್ ಇದ್ದ ಹಾಗೆ. ಸುಮಾರು ಒಂದೂವರೆ ಕಿಲೋ ತೂಕ. ಬಂದ ಸಕ್ಕರೆಯಲ್ಲಿ ಜಾಸ್ತಿಯಾದದ್ದನ್ನು ಕೂಡಿಟ್ಟುಕೊಳ್ಳುತ್ತದೆ, ನೂರು ಗ್ರಾಂನಷ್ಟು. ಇಡು ಅನ್ನುವುದು ಇನ್ಸುಲಿನ್. ರಾತ್ರಿ ನೀವು ಮಲಗಿರುವಾಗ ಅದನ್ನೇ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಯಾಕೆಂದರೆ ಮೆದುಳು ಮಲಗುವುದಿಲ್ಲ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಇರುವ ಮೆದುಳು ನೂರಕ್ಕೆ 20 ಪಾಲು ಶಕ್ತಿ ತಿನ್ನುತ್ತದೆ.

ಗೌರಿಬಿದನೂರು ಹೊಸೂರಿನ ಶಿಕ್ಷಣತಜ್ಞ ಡಾ. ಎಚ್. ನರಸಿಂಹಯ್ಯನವರ ಕಥೆ ನಿಮಗೆ ಗೊತ್ತು. ಓದುವ ಆಸೆಗೆ ಹುಡುಗನಾಗಿದ್ದಾಗ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಆ ದಾರಿಯಲ್ಲಿ ನಡೆಯುವ ಹುಡುಗನ ಮೈಯೊಳಗೆ ಏನಾಗಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮೊದಲು ತೊಡೆಯ ಮಾಂಸಖಂಡ ತನ್ನಲ್ಲೇ ಇಟ್ಟುಕೊಂಡ ಸಕ್ಕರೆ ಸುಡುತ್ತದೆ. ಲಿವರ್ ತನ್ನ ಗಂಟು ಬಿಚ್ಚುತ್ತದೆ. ಹೊತ್ತು ಏರಿದಂತೆ ಮೈಯ ಕೊಬ್ಬು ಕರಗಿ ಇಂಧನವಾಗುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ. ಚರ್ಮ ಬೆವರು ಸುರಿಸಿ ಮೈ ತಣ್ಣಗಿಡುತ್ತದೆ. ಬೆವರಿದಷ್ಟೂ ಕಿಡ್ನಿ ಮೂತ್ರ ಕಡಿಮೆ ಮಾಡಿ ನೀರು ಉಳಿಸುತ್ತದೆ. ಇದ್ಯಾವುದನ್ನೂ ಅವರು ಮಾಡಿಸಲಿಲ್ಲ, ಅವರು ನಡೆದರು ಅಷ್ಟೇ.

ಇನ್ನು ಗುಂಡಿಗೆ. ಪ್ರತಿ ವರ್ಷ ನಾನು ಮಟನ್ ಅಂಗಡಿಯಿಂದ ಕುರಿಯ ಗುಂಡಿಗೆ, ಶ್ವಾಸಕೋಶ ಎರಡನ್ನೂ ಕೊಳವೆ ಸಮೇತ ಬಿಡಿಸದೆ ತರಿಸುತ್ತಿದ್ದೆ. ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಬೇಕಿತ್ತು. ಇಲ್ಲದಿದ್ದರೆ ತುಂಡು ಮಾಡಿಬಿಡುತ್ತಿದ್ದರು. ಶ್ವಾಸಕೋಶದ ಕೊಳವೆಗೆ ಸೈಕಲ್ ಪಂಪಿನ ಟ್ಯೂಬ್ ಕಟ್ಟಿ ಮೆಲ್ಲಗೆ ಗಾಳಿ ಹಾಕಿದರೆ, ಮುದುಡಿ ಬಿದ್ದಿದ್ದ ಕಂದು ಮುದ್ದೆ ಉಬ್ಬಿ ಉಬ್ಬಿ ತಿಳಿ ಗುಲಾಬಿ ಆಗುತ್ತಿತ್ತು. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಂದು ಚೂರು ಕತ್ತರಿಸಿ ಬಕೆಟ್ ನೀರಿಗೆ ಹಾಕಿದರೆ ತೇಲುತ್ತದೆ. ಲಿವರ್ ಚೂರು ಮುಳುಗುತ್ತದೆ. ಶ್ವಾಸಕೋಶದ ತುಂಬ ಕೋಟ್ಯಂತರ ಗಾಳಿಗೂಡುಗಳು. ಮನುಷ್ಯನಲ್ಲಿ ಸುಮಾರು 30 ಕೋಟಿ ಅಥವಾ ಇನ್ನೂ ಜಾಸ್ತಿ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ನಿಮ್ಮ 20 ಅಡಿಗೆ 30 ಅಡಿಯ ಸೈಟಿಗಿಂತ ದೊಡ್ಡದು. ಅಷ್ಟನ್ನೂ ಮಡಿಸಿ ಎದೆಯಲ್ಲಿಟ್ಟಿದೆ. ಕಲ್ಲು ಕೆಲಸ ಮಾಡುವವರು ಇಲ್ಲಿದ್ದರೆ ಕೇಳಿಸಿಕೊಳ್ಳಿ. ಕಲ್ಲಿನ ನುಣ್ಣನೆ ಧೂಳು ಈ ಗೂಡುಗಳ ತಳ ಸೇರಿದರೆ ಮತ್ತೆ ಹೊರಗೆ ಬರುವುದು ಕಷ್ಟ. ಅಲ್ಲೇ ಗಾಯ ಮಾಡಿ ಗಟ್ಟಿಯಾಗುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು. ಧೂಳು ಏಳದಂತೆ ನೀರು ಚಿಮುಕಿಸಿಯೇ ಕೆಲಸ ಮಾಡಬೇಕು, ಸರಿಯಾದ ಮಾಸ್ಕ್ ಹಾಕಬೇಕು.

ಗುಂಡಿಗೆಯನ್ನು ಸೀಳಿ ತೋರಿಸುತ್ತಿದ್ದೆ. ನಾಲ್ಕು ಕೋಣೆ. ಎಡಗಡೆ ಕೆಳಕೋಣೆಯ ಗೋಡೆ ಬಲಗಡೆಗಿಂತ ಎರಡು ಮೂರು ಪಟ್ಟು ದಪ್ಪ. ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಗಡೆಯದು ತಲೆಯಿಂದ ಕಾಲ್ಬೆರಳವರೆಗೆ ತಳ್ಳಬೇಕು. ಕವಾಟಗಳಿಗೆ ಬಿಳೀ ದಾರದಂಥ ಎಳೆಗಳು ಕಟ್ಟಿರುತ್ತವೆ, ಒಳಗಿನ ಒತ್ತಡಕ್ಕೆ ಕವಾಟ ಹಿಂದಕ್ಕೆ ಮಗುಚದಂತೆ. ಬೆರಳಿಂದ ಮೀಟಿದರೆ ತಂತಿಯಷ್ಟು ಬಿಗಿ. ಒಂದು ಬಡಿತಕ್ಕೆ 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ. ಗುಣಿಸಿ, 5 ಲೀಟರ್. ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಒಂದು ದಿನಕ್ಕೆ 7000 ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ಊರಿಗೆ ಬರುವ ನೀರಿನ ಟ್ಯಾಂಕರ್ ನೆನೆಸಿಕೊಳ್ಳಿ. ಇಂಥದ್ದೇ ಒಂದು ಲೆಕ್ಕ ಹಾಕಿ ವಿಲಿಯಂ ಹಾರ್ವೆ 1628ರಲ್ಲಿ ಹೇಳಿದ: ಇಷ್ಟೊಂದು ರಕ್ತವನ್ನು ದೇಹ ದಿನಾ ಹೊಸದಾಗಿ ತಯಾರಿಸಲು ಸಾಧ್ಯವೇ ಇಲ್ಲ, ಅದೇ ರಕ್ತ ಸುತ್ತುತ್ತಿರಲೇಬೇಕು.

ಒಂದು ವರ್ಷ ಹೀಗೇ ತೋರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, "ಸಾರ್, ಎಲ್ಲರಿಗೂ ರಕ್ತ ಕೊಡುತ್ತಲ್ಲ, ಗುಂಡಿಗೆಗೆ ಯಾರು ಕೊಡ್ತಾರೆ?" ನನ್ನ ಅಷ್ಟೂ ವರ್ಷದ ಪಾಠದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಬಂದದ್ದು ನೆನಪಿಲ್ಲ. ಗುಂಡಿಗೆಯ ಒಳಗೇ ರಕ್ತ ತುಂಬಿದೆ, ಆದರೂ ಅಷ್ಟು ದಪ್ಪ ಗೋಡೆಗೆ ಅದು ಒಳಗಿನಿಂದ ಇಳಿಯುವುದಿಲ್ಲ. ದೊಡ್ಡ ರಕ್ತನಾಳ ಹೊರಟ ಕೂಡಲೇ ಅದರ ಬುಡದಿಂದ ಎರಡು ಸಣ್ಣ ಕವಲು ಒಡೆದು, ಗುಂಡಿಗೆಯ ಹೊರಮೈ ಮೇಲೆ ಬಳ್ಳಿಯಂತೆ ಹರಡುತ್ತವೆ. ಕುರಿಯ ಗುಂಡಿಗೆಯಲ್ಲಿ ಕೊಬ್ಬು ಸರಿಸಿದರೆ ಕಾಣುತ್ತವೆ. ಆ ಹುಡುಗಿಯ ಕೈಗೇ ಚಿಮಟ ಕೊಟ್ಟು ಹುಡುಕಿಸಿದೆ. ಸಿಕ್ಕಿತು. ಹಾರ್ಟ್ ಅಟ್ಯಾಕ್ ಅನ್ನುವುದು ಈ ಕವಲು ಕಟ್ಟಿಕೊಳ್ಳುವುದು. ಬಡಿದು ಸಡಿಲವಾಗುವ ಹೊತ್ತಿನಲ್ಲೇ ಎಡಭಾಗದ ಗೋಡೆಗೆ ಹೆಚ್ಚು ರಕ್ತ ಸಿಗುವುದು. ಬಿಗಿ ಹಿಡಿದಾಗ ತನ್ನ ನಾಳವನ್ನು ತಾನೇ ಹಿಂಡಿಕೊಂಡಿರುತ್ತದೆ.

ಇಲ್ಲಿ ದ್ರಾಕ್ಷಿ, ಗುಲಾಬಿ, ಟೊಮೆಟೊ ಬೆಳೆಯುವವರಿದ್ದೀರಿ. ಡ್ರಿಪ್ ಹಾಕದವರು ಯಾರೂ ಇಲ್ಲ. ಮೇನ್ ಲೈನ್, ಸಬ್ ಮೇನ್, ಲ್ಯಾಟರಲ್, ಕೊನೆಗೆ ಡ್ರಿಪ್ಪರ್. ರಕ್ತನಾಳಗಳೂ ಹಾಗೇ ಕವಲೊಡೆದು, ಕೊನೆಗೆ ಕೂದಲಿಗಿಂತ ಸಣ್ಣ ನಾಳಗಳಾಗುತ್ತವೆ. ರಕ್ತಕಣಗಳು ಒಂದರ ಹಿಂದೆ ಒಂದು ಸಾಲಾಗಿ ಮಾತ್ರ ಹೋಗಬಲ್ಲ ದಾರಿ. ಒತ್ತಡ ಕಡಿಮೆಯಾದರೆ ಕೊನೆ ಗಿಡಕ್ಕೆ ನೀರು ಸಿಗಲ್ಲ, ಜಾಸ್ತಿಯಾದರೆ ಲ್ಯಾಟರಲ್ ಕಿತ್ತು ಬರುತ್ತದೆ. ಬಿಪಿ ಅನ್ನುವುದು ಇದೇ. ಜಾಸ್ತಿ ಬಿಪಿಯಿಂದ ಮೊದಲು ಏಟು ತಿನ್ನುವುದು ಮೇನ್ ಲೈನ್ ಅಲ್ಲ, ಕಣ್ಣು, ಮೆದುಳು, ಕಿಡ್ನಿಯಂಥ ಕಡೆ ಇರುವ ಸಣ್ಣ ನಾಳಗಳು. ಶುಗರ್ ಇದ್ದರೆ ಅದೇ ನಾಳಗಳ ಗೋಡೆ ಒರಟಾಗಿ, ಗಡುಸಾಗಿ, ಸೋರತೊಡಗುತ್ತದೆ. ಬಿಪಿಗೆ ಏನೂ ನೋವಿಲ್ಲ. ಅದರ ಅಪಾಯವೂ ಅದೇ.

ಈಗ ಅಪ್ಪನ ಮಾತು. ಅವರಿಗೆ 64 ವರ್ಷ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ರಾತ್ರಿಯೆಲ್ಲ ಕೂರುತ್ತಿದ್ದ ಮನುಷ್ಯ, ಒಂದು ಬೆಳೆಯಲ್ಲಿ ನಾಲ್ಕು ತಟ್ಟೆ ಎತ್ತುವಷ್ಟರಲ್ಲಿ ಗೋಡೆಗೆ ಒರಗಿದರು. ಕಣ್ಣಿನ ಕೆಳರೆಪ್ಪೆ ಬಿಳುಚಿತ್ತು. ಪಟ್ಟಣದ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡಿ ಹಿಮೋಗ್ಲೋಬಿನ್ 8 ಎಂದರು. ಕಬ್ಬಿಣದ ಟಾನಿಕ್ ಕೊಟ್ಟರು. ಆರು ತಿಂಗಳು ಕುಡಿದರು. ನಾನೂ ಬೀಟ್‌ರೂಟ್, ದಾಳಿಂಬೆ ಅಂತ ತಂದೆ. 8 ಇದ್ದದ್ದು ಏಳೂವರೆಗೆ ಇಳಿಯಿತೇ ಹೊರತು ಏರಲಿಲ್ಲ. ಕೊನೆಗೆ ಬೇರೆ ಒಬ್ಬ ವೈದ್ಯರು ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಬರೆದುಕೊಟ್ಟರು. 5 ದಾಟಿತ್ತು. ಕಿಡ್ನಿ ಬಹುಪಾಲು ಹೋಗಿತ್ತು. ಹತ್ತು ವರ್ಷದಿಂದ ಬಿಪಿ ಇತ್ತು, ಮಾತ್ರೆ ನೆನಪಾದಾಗ ನುಂಗುತ್ತಿದ್ದರು.

ರಕ್ತಕ್ಕೂ ಕಿಡ್ನಿಗೂ ಏನು ಸಂಬಂಧ? ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಳೆಯವು ಹೋದಂತೆ ಮೂಳೆಯ ಮಜ್ಜೆ ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕಣ ತಯಾರಿಸುತ್ತಲೇ ಇರಬೇಕು. ತಯಾರಿಸು ಎಂದು ಮಜ್ಜೆಗೆ ಹೇಳುವುದು ಎರಿತ್ರೊಪೊಯೆಟಿನ್ ಎಂಬ ಹಾರ್ಮೋನ್. ಅದು ಬಹುಪಾಲು ಬರುವುದು ಕಿಡ್ನಿಯಿಂದ. ಕಿಡ್ನಿ ಸೊರಗಿದರೆ ಆ ಮಾತು ಹೇಳುವವರಿಲ್ಲ. ಕಬ್ಬಿಣ ಎಷ್ಟು ಕೊಟ್ಟರೂ ಅಪ್ಪಣೆಯಿಲ್ಲದೆ ಮಜ್ಜೆ ಕೆಲಸ ಮಾಡುವುದಿಲ್ಲ. ಈ ಮಾತನ್ನು ನಾನು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದಿದ್ದೆ. ವಿಸರ್ಜನೆ ಪಾಠದ ಕೊನೆಯಲ್ಲಿ, ಎರಡು ಸಾಲು. ಅಪ್ಪನ ಬಿಳುಚಿದ ರೆಪ್ಪೆ ನೋಡಿದಾಗ ನನಗೆ ನೆನಪಾದದ್ದು ರಕ್ತದ ಪಾಠ ಮಾತ್ರ. ಆ ಆರು ತಿಂಗಳು ನನ್ನನ್ನು ಇವತ್ತಿಗೂ ಕಾಡುತ್ತದೆ. ಆಮೇಲೆ ಆ ಹಾರ್ಮೋನಿನ ಇಂಜೆಕ್ಷನ್ ಶುರುವಾಯಿತು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 10 ದಾಟಿತು, ಮತ್ತೆ ಹುಳುಮನೆಗೆ ಹೋಗಿ ಕೂತರು. ಕಿಡ್ನಿ ಮಾತ್ರ ವಾಪಸ್ ಬರಲಿಲ್ಲ. ನಾಲ್ಕು ವರ್ಷ ಇದ್ದರು.

ಕಿಡ್ನಿಯನ್ನು ಬರೀ ಮೂತ್ರ ಮಾಡುವ ಅಂಗ ಅನ್ನುವುದು ಅನ್ಯಾಯ. ನಮ್ಮ ಮುಷ್ಟಿಯಷ್ಟು ದೊಡ್ಡದು, ಎರಡು. ಒಂದೊಂದರಲ್ಲೂ ಸುಮಾರು 10 ಲಕ್ಷ ಸೋಸುವ ಘಟಕ. ಹೃದಯ ತಳ್ಳುವ ರಕ್ತದಲ್ಲಿ ಐದರಲ್ಲಿ ಒಂದು ಪಾಲು ನೇರ ಇಲ್ಲಿಗೇ ಬರುತ್ತದೆ. ದಿನಕ್ಕೆ 180 ಲೀಟರ್ ಸೋಸುತ್ತದೆ. ಮೂತ್ರವಾಗಿ ಹೋಗುವುದು ಒಂದೂವರೆ ಲೀಟರ್. ಉಳಿದ 178 ಲೀಟರ್? ಬೇಕಾದ ಸಕ್ಕರೆ, ಉಪ್ಪು, ನೀರು ಎಲ್ಲವನ್ನೂ ಆರಿಸಿ ಆರಿಸಿ ಮತ್ತೆ ರಕ್ತಕ್ಕೆ. ಬೆಂಗಳೂರಿನ ಬಳಸಿದ ನೀರನ್ನು ಶುದ್ಧ ಮಾಡಿ ಎಚ್‌ಎನ್ (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ನಮ್ಮ ಕಂದವಾರ ಕೆರೆಗೆ ತಂದಾಗ ಈ ಭಾಗದಲ್ಲಿ ಎಷ್ಟು ಚರ್ಚೆಯಾಯಿತು! ಎರಡು ಹಂತ ಸಾಕಾ, ಮೂರನೇ ಹಂತ ಬೇಕಾ ಅಂತ. ಚರ್ಚೆ ಆಗಬೇಕಾದದ್ದೇ. ಇಲ್ಲಿ ನೋಡಿದರೆ ಮೈಯಲ್ಲಿರುವ ಸುಮಾರು 3 ಲೀಟರ್ ರಕ್ತದ್ರವವನ್ನು ಕಿಡ್ನಿ ದಿನಕ್ಕೆ 60 ಸಲ ಸೋಸುತ್ತದೆ, ಸದ್ದಿಲ್ಲದೆ. ಅದರ ಜೊತೆಗೆ ಬಿಪಿ ಹತೋಟಿಯಲ್ಲಿಡುತ್ತದೆ, ರಕ್ತ ಮಾಡಿಸುತ್ತದೆ. ಬಿಸಿಲಿನಿಂದ ಬಂದ ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸುವುದೂ ಅದೇ. ಆ ವಿಟಮಿನ್ ಇಲ್ಲದಿದ್ದರೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಹೀಗೆ ನಾವು ಮತ್ತೆ ಮುದ್ದೆಗೇ ಬಂದೆವು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ 10ರ ಆಸುಪಾಸು. ಬೇರೆ ಯಾವ ದಿನಬಳಕೆ ಧಾನ್ಯವೂ ರಾಗಿಯ ಹತ್ತಿರ ಬರುವುದಿಲ್ಲ. ಅದರಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ ಅದು ಕಡಿಮೆಯಾಗುತ್ತದೆ. ಮಗುವಿಗೆ ರಾಗಿ ಸರಿ ಮಾಡುವಾಗ ಮೊಳಕೆ ಕಟ್ಟಿ ಒಣಗಿಸಿ ಬೀಸುವ ಪದ್ಧತಿ ಸುಮ್ನೆ ಬಂದದ್ದಲ್ಲ. ಮೈಯ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿದೆ. ಮೂಳೆ ಸತ್ತ ಕಂಬ ಅಲ್ಲ, ಬ್ಯಾಂಕಿನ ಖಾತೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಗುಂಡಿಗೆ, ಮಾಂಸಖಂಡ ಎರಡಕ್ಕೂ ತೊಂದರೆ. ಆಗ ದೇಹ ಮೂಳೆಯಿಂದ ತೆಗೆದು ಕೊಡುತ್ತದೆ. ದಿನಾ ಹಾಕುವುದು, ದಿನಾ ತೆಗೆಯುವುದು.

ಈ ಖಾತೆಗೆ ಕೇಳದೇ ಬಂದು ಸೇರುವ ಇನ್ನೊಂದು ಇದೆ. ಫ್ಲೋರೈಡ್. ಬಾಗೇಪಲ್ಲಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು. ಅಷ್ಟು ಆಳದ ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಬಂಡೆಯ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಒಳಗೆ ಹೋದ ಫ್ಲೋರೈಡಿನ ಒಂದು ಪಾಲನ್ನು ಕಿಡ್ನಿ ಹೊರಗೆ ಹಾಕುತ್ತದೆ. ಉಳಿದದ್ದು ಮೂಳೆಯ ಹರಳಿನೊಳಗೆ ಸೇರಿಕೊಳ್ಳುತ್ತದೆ. ಬೆಳೆಯುವ ಮಕ್ಕಳಲ್ಲಿ ಮೂಳೆಗೆ ಹೋಗುವ ಪಾಲು ಜಾಸ್ತಿ. ಕಿಡ್ನಿ ಸೊರಗಿದವರಲ್ಲೂ ಜಾಸ್ತಿ. ಹಲ್ಲು ಒಸಡಿನೊಳಗೆ ತಯಾರಾಗುವ ವಯಸ್ಸಿನಲ್ಲೇ ಕುಡಿದರೆ, ಹಲ್ಲು ಬರುವಾಗಲೇ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಅದು ಕೊಳೆಯಲ್ಲ. ಹಲ್ಲು ಉಜ್ಜಲ್ಲ ಎಂದು ಮಗುವನ್ನು ಬೈಯಬೇಡಿ. ವರ್ಷಗಟ್ಟಲೆ ಕುಡಿದರೆ ಬೆನ್ನು, ಕುತ್ತಿಗೆ, ಕೀಲು ಬಿಗಿಯುತ್ತವೆ.

ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಊರಿನಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕದ ಫಿಲ್ಟರ್ ಅದನ್ನು ತೆಗೆಯುತ್ತದೆ, ಸರಿಯಾಗಿ ನೋಡಿಕೊಂಡರೆ.

ಮಾತು ಶುರುವಾಗುವ ಮೊದಲು ಮುಂದಿನ ಸಾಲಿನ ಅಮ್ಮನವರನ್ನು ಕೇಳಿದೆ, ಮನೆಯಲ್ಲಿ ಯಾವ ನೀರು ಅಂತ. "ಕುಡಿಯೋಕೆ ಕ್ಯಾನ್ ನೀರು, ಅಡಿಗೆಗೆ ನಲ್ಲಿ ನೀರು" ಅಂದರು. ನಲ್ಲಿಗೆ ಬರುವುದು ಬೋರ್ ನೀರೇ. ಇಲ್ಲಿರುವ ಬಹಳ ಮನೆಗಳಲ್ಲಿ ಹೀಗೇ ಇರಬೇಕು. ಅನ್ನ ಬಸಿದರೆ ಒಂದಷ್ಟು ನೀರಾದರೂ ಗಂಜಿಯಾಗಿ ಹೊರಗೆ ಹೋಗುತ್ತದೆ. ಮುದ್ದೆಯ ಎಸರು ಹಾಗಲ್ಲ. ಒಂದು ಪಾವು ಹಿಟ್ಟಿಗೆ ಎರಡು ಪಾವು ನೀರಾದರೂ ಬೇಕು, ಅಲ್ವಾ ಅಮ್ಮ? ಅಷ್ಟೂ ಮುದ್ದೆಯೊಳಗೇ ಉಳಿಯುತ್ತದೆ. ನಾಳೆ ಬೆಳಿಗ್ಗೆಯಿಂದ ಎಸರಿಗೂ ಕ್ಯಾನ್ ನೀರನ್ನೇ ಇಡಿ.